ಕೆಸರಿನ ವಿದ್ಯುತ್ ಕೋಶ: ಕಬ್ಬಿಣವನ್ನು ಉಸಿರಾಡುವ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಅಳೆಯುವ ಸಮಗ್ರ ಮಾರ್ಗದರ್ಶಿ

ವಿಜ್ಞಾನ ಮೇಳಕ್ಕೆಂದು ಕೆಸರಿನ ವಿದ್ಯುತ್ ಕೋಶವನ್ನು ಕಟ್ಟುವ ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ದೂರುಗಳು ಹೆಚ್ಚಾಗಿ ಎರಡೇ ಬಗೆಯವು. ಒಂದು, ಮೀಟರಿನಲ್ಲಿ ಏನೂ ಬರುತ್ತಿಲ್ಲ ಎಂಬುದು. ಇನ್ನೊಂದು, ಮೊದಲ ದಿನವೇ ಅರ್ಧ ವೋಲ್ಟ್ ಬಂದು, ವಾರ ಕಳೆಯುವಷ್ಟರಲ್ಲಿ ಎಲ್ಲವೂ ಇಳಿದುಹೋಯಿತು ಎಂಬುದು. ಎರಡನೆಯದು ಹೆಚ್ಚು ಮೋಸದ್ದು, ಏಕೆಂದರೆ ಅಲ್ಲಿ ಬ್ಯಾಕ್ಟೀರಿಯಾಗಳು ಕೆಲಸ ಆರಂಭಿಸಿಯೇ ಇರುವುದಿಲ್ಲ. ಮೀಟರ್ ತೋರಿಸಿದ್ದು ತಂತಿಯ ಲೋಹ ಕರಗುವಾಗ ಹುಟ್ಟಿದ ವಿದ್ಯುತ್ತನ್ನು. ಆದ್ದರಿಂದ ಇಲ್ಲಿನ ಹಂತಗಳ ಕ್ರಮವನ್ನು ಒಂದೇ ಉದ್ದೇಶದಿಂದ ಜೋಡಿಸಲಾಗಿದೆ: ಕೊನೆಯಲ್ಲಿ ಮೀಟರ್ ತೋರಿಸುವ ಅಂಕಿಗೆ ಬ್ಯಾಕ್ಟೀರಿಯಾಗಳ ಹೊರತು ಬೇರೆ ಕಾರಣ ಉಳಿದಿರಬಾರದು.

ಕೈ ಹಾಕುವ ಮುನ್ನ ತಿಳಿದಿರಬೇಕಾದಷ್ಟು

ಆಹಾರದಿಂದ ಬಿಡಿಸಿಕೊಂಡ ಎಲೆಕ್ಟ್ರಾನ್‌ಗಳನ್ನು ನಾವು ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುತ್ತೇವೆ. ಗಾಳಿ ತಲುಪದ ಕೆಸರಿನಲ್ಲಿ ಬದುಕುವ ಜಿಯೋಬ್ಯಾಕ್ಟರ್ ಕುಲದ ಬ್ಯಾಕ್ಟೀರಿಯಾಗಳು ಅವನ್ನು ತುಕ್ಕಿನ ರೂಪದ ಕಬ್ಬಿಣಕ್ಕೆ ಒಪ್ಪಿಸುತ್ತವೆ. ತುಕ್ಕು ನೀರಿನಲ್ಲಿ ಕರಗಿ ಜೀವಕೋಶದ ಒಳಗೆ ಬರುವ ವಸ್ತುವಲ್ಲವಾದ್ದರಿಂದ ಎಲೆಕ್ಟ್ರಾನ್‌ಗಳನ್ನೇ ಕೋಶದ ಹೊರಗೆ ಸಾಗಿಸಬೇಕಾಗುತ್ತದೆ, ಮತ್ತು ಈ ಸಾಗಣೆಯನ್ನು ಹೀಮ್ (ನಡುವೆ ಕಬ್ಬಿಣವಿರುವ ಒಂದು ಅಣು) ಹೊತ್ತ ಸೈಟೋಕ್ರೋಮ್ ಎಂಬ ಪ್ರೋಟೀನುಗಳು ಮಾಡುತ್ತವೆ. ಜಿಯೋಬ್ಯಾಕ್ಟರ್ ಸಲ್ಫರ್‌ರೆಡ್ಯೂಸೆನ್ಸ್ ಎಂಬ ಪ್ರಭೇದದಲ್ಲಿ ಇಂತಹ ಸೈಟೋಕ್ರೋಮ್‌ಗಳು ಒಂದರ ಹಿಂದೆ ಒಂದು ಪೋಣಿಸಿಕೊಂಡು ವಿದ್ಯುತ್ ಹರಿಸಬಲ್ಲ ಎಳೆಗಳಾಗುತ್ತವೆ ಎಂಬುದು 2019ರಲ್ಲಿ ಪ್ರಕಟವಾದ ರಚನೆಗಳಿಂದ ಸ್ಪಷ್ಟವಾಯಿತು. ಶೆವನೆಲ್ಲಾ ಕುಲದವು ಇದರ ಜೊತೆಗೆ ಫ್ಲೇವಿನ್ ಎಂಬ ಸಣ್ಣ ಅಣುಗಳನ್ನು ಹೊರಬಿಟ್ಟು ಅವುಗಳ ಮೂಲಕವೂ ಎಲೆಕ್ಟ್ರಾನ್‌ಗಳನ್ನು ದಾಟಿಸುತ್ತವೆ.

ತುಕ್ಕಿನ ಕಣದ ಜಾಗದಲ್ಲಿ ಒಂದು ಕಾರ್ಬನ್ ಹಾಳೆಯನ್ನು ಇಟ್ಟು, ಅದಕ್ಕೆ ತಂತಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನು ಗಾಳಿಗೆ ತೆರೆದ ಮತ್ತೊಂದು ಕಾರ್ಬನ್ ಹಾಳೆಗೆ ಸೇರಿಸಿದರೆ ಅದೇ ನಮ್ಮ ಕೋಶ. ಕೆಸರಿನೊಳಗಿನ ಹಾಳೆ ಆನೋಡ್, ಗಾಳಿಯ ಕಡೆಯದು ಕ್ಯಾಥೋಡ್. ಲೆಕ್ಕದ ಪ್ರಕಾರ ಇವೆರಡರ ನಡುವೆ ಸುಮಾರು 1.1 ವೋಲ್ಟ್ ಇರಬೇಕು. ಕೈಯಲ್ಲಿ ಕಟ್ಟಿದ ಕೋಶಗಳು ತೆರೆದ ಮಂಡಲದಲ್ಲಿ, ಅಂದರೆ ರೆಸಿಸ್ಟರ್ ಸೇರಿಸದೆ ಅಳೆದಾಗ, ಸಾಮಾನ್ಯವಾಗಿ 0.4ರಿಂದ 0.8 ವೋಲ್ಟ್ ತೋರಿಸುತ್ತವೆ.

ಬೇಕಾಗುವ ಸಾಮಗ್ರಿ

ಗ್ರ್ಯಾಫೈಟ್ ಫೆಲ್ಟ್ ಅಥವಾ ಕಾರ್ಬನ್ ಫೆಲ್ಟ್ (ಕಾರ್ಬನ್ ನಾರಿನ ಮೆತ್ತನೆಯ ಹಾಳೆ), 10 ಸೆಂಟಿಮೀಟರ್ ಚೌಕದ ನಾಲ್ಕು ತುಂಡುಗಳು (ಡಬ್ಬಿಗೆ ಎರಡರಂತೆ), ಟೈಟೇನಿಯಂ ತಂತಿ, 3ರಿಂದ 5 ಲೀಟರ್ ಹಿಡಿಯುವ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಗಳು ಎರಡು, ಡಿಜಿಟಲ್ ಮಲ್ಟಿಮೀಟರ್, 10,000, 1,000, 470 ಮತ್ತು 100 ಓಮ್‌ನ ರೆಸಿಸ್ಟರ್‌ಗಳು, ಪಿಎಚ್ ಕಾಗದ, ರಬ್ಬರ್ ಕೈಗವಸು, ಸೊಳ್ಳೆ ಪರದೆಯ ಒಂದು ತುಂಡು. ಎರಡನೆಯ ಡಬ್ಬಿಯನ್ನು ಅನಗತ್ಯವೆಂದು ಬಿಡಬಾರದು. ಅದರ ಉಪಯೋಗ ಆರನೆಯ ಹಂತದಲ್ಲಿದೆ.

ಫೆಲ್ಟ್ ಸಿಗದಿದ್ದಾಗ ಹಳೆಯ ಟಾರ್ಚ್ ಸೆಲ್ಲಿನ ಕಾರ್ಬನ್ ಕಡ್ಡಿಯನ್ನು ಬಳಸುವುದು ರೂಢಿ. ಇದನ್ನು ನಾನು ಒಪ್ಪುವುದಿಲ್ಲ. ಆ ಕಡ್ಡಿಗೆ ಅಂಟಿದ ಮ್ಯಾಂಗನೀಸ್ ಡೈಆಕ್ಸೈಡ್ ತಾನೇ ಎಲೆಕ್ಟ್ರಾನ್ ಸ್ವೀಕರಿಸಿ ಸುಳ್ಳು ವೋಲ್ಟೇಜ್ ಕೊಡುತ್ತದೆ, ಮೇಲಾಗಿ ನುಣುಪಾದ ಕಡ್ಡಿಯಲ್ಲಿ ಬ್ಯಾಕ್ಟೀರಿಯಾಗಳಿಗೆ ನೆಲೆಯೂರಲು ಸಿಗುವ ಜಾಗ ತೀರಾ ಕಡಿಮೆ. ಆಲ್ಕಲೈನ್ ಮತ್ತು ಲಿಥಿಯಂ ಸೆಲ್‌ಗಳನ್ನಂತೂ ಯಾವ ಕಾರಣಕ್ಕೂ ಬಿಚ್ಚಬಾರದು.

ಹಂತ 1: ಎಲೆಕ್ಟ್ರೋಡ್ ಸಿದ್ಧಪಡಿಸಿ ಖಾಲಿ ಪರೀಕ್ಷೆ ಮಾಡುವುದು

ಹೊಸ ಫೆಲ್ಟ್ ನೀರನ್ನು ಹೀರದೆ ತೇಲುತ್ತದೆ. ಅದನ್ನು ಹಾಗೆಯೇ ಕೆಸರಿಗೆ ಹೂತರೆ ನಾರುಗಳ ನಡುವೆ ಗಾಳಿ ಉಳಿದು, ಆನೋಡಿನ ಒಳಗೇ ಆಮ್ಲಜನಕ ಸೇರಿಕೊಳ್ಳುತ್ತದೆ. ಫೆಲ್ಟನ್ನು ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ, ನಂತರ ನಾಲ್ಕೈದು ಸಲ ನೀರು ಬದಲಿಸಿ ತೊಳೆದು, ಬಳಸುವವರೆಗೂ ನೀರಿನಲ್ಲೇ ಮುಳುಗಿಸಿಡಬೇಕು. ನೀರಿಗೆ ಹಾಕಿದೊಡನೆ ಹಾಳೆ ತಳಕ್ಕೆ ಇಳಿದರೆ ಅದು ಸಿದ್ಧವಾಗಿದೆ ಎಂದರ್ಥ.

ಟೈಟೇನಿಯಂ ತಂತಿಯನ್ನು ಫೆಲ್ಟಿನ ಒಳಗೆ ಹೊಲಿಗೆಯಂತೆ ಹಲವು ಬಾರಿ ಹಾಯಿಸಿ ಬಿಗಿಗೊಳಿಸಬೇಕು. ತಾಮ್ರದ ತಂತಿ ನೀರಿನ ಮಟ್ಟದಿಂದ ಮೇಲೆ ಮಾತ್ರ ಇರಲಿ. ಕೆಸರಿನೊಳಗೆ ತಾಮ್ರ ಕರಗಿದರೆ ಬ್ಯಾಕ್ಟೀರಿಯಾಗಳಿಗೆ ವಿಷವಾಗುತ್ತದೆ; ಸತು ಲೇಪಿಸಿದ ತಂತಿಯಾದರೆ ಸತುವೇ ಕರಗಿ, ನಿಂಬೆಹಣ್ಣಿನ ಬ್ಯಾಟರಿಯಲ್ಲಿ ಆಗುವಂತೆ, ಜೀವಿಗಳ ನೆರವಿಲ್ಲದೆಯೇ ವಿದ್ಯುತ್ ಕೊಡುತ್ತದೆ. ತಂತಿಯ ಜೋಡಣೆಗೆ ಎಂ-ಸೀಲ್ ಮೆತ್ತಿದ್ದೇವೆ ಎಂಬ ಧೈರ್ಯ ಸಾಲದು, ಏಕೆಂದರೆ ಕೆಲವು ವಾರಗಳಲ್ಲಿ ಅದರ ಅಂಚಿನಿಂದ ನೀರು ಒಳಗೆ ಇಳಿಯಬಹುದು.

ಈಗ ಬಹುತೇಕರು ಬಿಟ್ಟುಬಿಡುವ ಪರೀಕ್ಷೆ. ಒಂದು ಪಾತ್ರೆಯಲ್ಲಿ ಚಿಟಿಕೆ ಉಪ್ಪು ಹಾಕಿದ ನೀರು ತೆಗೆದುಕೊಂಡು, ಎರಡೂ ಎಲೆಕ್ಟ್ರೋಡ್‌ಗಳನ್ನು ಅದರಲ್ಲಿ ಮುಳುಗಿಸಿ, ನಡುವೆ 1,000 ಓಮ್ ರೆಸಿಸ್ಟರ್ ಸೇರಿಸಿ ಒಂದು ರಾತ್ರಿ ಬಿಡಬೇಕು. ಒಂದೇ ಬಗೆಯ ಎರಡು ಕಾರ್ಬನ್ ಹಾಳೆಗಳು ಒಂದೇ ನೀರಿನಲ್ಲಿರುವಾಗ ರೆಸಿಸ್ಟರಿನ ತುದಿಗಳ ನಡುವೆ ವೋಲ್ಟೇಜ್ ಸೊನ್ನೆಯ ಆಸುಪಾಸಿನಲ್ಲೇ ಇರಬೇಕು. ನೂರಾರು ಮಿಲಿವೋಲ್ಟ್ ಬಂದರೆ ಎಲ್ಲೋ ಒಂದು ಲೋಹ ಕರಗುತ್ತಿದೆ. ಅದನ್ನು ಹುಡುಕಿ ಸರಿಪಡಿಸುವವರೆಗೆ ಕೆಸರನ್ನು ಮುಟ್ಟಬಾರದು.

ಹಂತ 2: ಕೆಸರನ್ನು ಆರಿಸುವುದು

ಭತ್ತದ ಗದ್ದೆಯ ಮತ್ತು ಕೆರೆಯ ಅಂಚಿನ ಕೆಸರು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ. ಕರಾವಳಿಯ ಮತ್ತು ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ಗದ್ದೆಗಳಲ್ಲಿ ಕಬ್ಬಿಣದ ಆಕ್ಸೈಡ್ ಹೇರಳವಾಗಿರುವುದರಿಂದ ಅಲ್ಲಿ ಕಬ್ಬಿಣವನ್ನು ಉಸಿರಾಡುವ ಜೀವಿಗಳು ಮೊದಲೇ ನೆಲೆಸಿರುತ್ತವೆ.

ಗದ್ದೆಯ ಅಂಚಿನಲ್ಲಿ ನಿಂತ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯಂತಹ ಪೊರೆ ಕಂಡರೆ ಕಡ್ಡಿಯಿಂದ ಅದನ್ನು ಕದಡಿ ನೋಡಿ. ನಿಜವಾದ ಎಣ್ಣೆ ಕಡ್ಡಿಯ ಹಿಂದೆಯೇ ಸುಳಿದು ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ಪೊರೆ ಒಡೆದ ಗಾಜಿನ ಚೂರುಗಳಂತೆ ಮೂಲೆಮೂಲೆಯಾಗಿ ಬಿರಿದು ಬೇರೆಬೇರೆಯಾಗಿ ತೇಲುತ್ತದೆ. ಕೆಳಗಿನ ಕೆಸರಿನಲ್ಲಿ ಕರಗಿದ ಕಬ್ಬಿಣ ಮೇಲೆ ಬಂದು ಗಾಳಿ ಸೋಕಿ ಮತ್ತೆ ತುಕ್ಕಾಗುವಾಗ ಈ ಪೊರೆ ಕಟ್ಟುತ್ತದೆ. ಕೆಳಗೆ ಕಬ್ಬಿಣದ ಉಸಿರಾಟ ನಡೆಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಸುಲಭದ ಸುಳಿವು ನನಗೆ ತಿಳಿದಿಲ್ಲ. ಕಿತ್ತ ಭತ್ತದ ಬುಡದಲ್ಲಿ ಬೇರುಗಳಿಗೆ ಕಿತ್ತಳೆ ಬಣ್ಣದ ತುಕ್ಕು ಮೆತ್ತಿರುವುದೂ ಇದೇ ಮಾತನ್ನು ಹೇಳುತ್ತದೆ.

ಮೇಲಿನ ಕಂದು ಪದರವನ್ನು ಸರಿಸಿ, ಅದರ ಕೆಳಗಿನ ಬೂದು ಅಥವಾ ಕಪ್ಪು ಕೆಸರನ್ನು ತೆಗೆದು, ಅದೇ ಜಾಗದ ನೀರಿನೊಂದಿಗೆ ಬಕೆಟ್ಟಿನಲ್ಲಿ ಅಂಚಿನವರೆಗೂ ತುಂಬಿ ಮುಚ್ಚಬೇಕು. ಯೂರಿಯಾ ಎರಚಿ ಹೆಚ್ಚು ದಿನ ಆಗದ ಗದ್ದೆ ಬೇಡ, ಏಕೆಂದರೆ ಅದರಿಂದ ಹುಟ್ಟುವ ನೈಟ್ರೇಟ್ ಎಲೆಕ್ಟ್ರಾನ್ ಸ್ವೀಕರಿಸುವುದರಲ್ಲಿ ಕಬ್ಬಿಣವನ್ನು ಹಿಂದಿಕ್ಕುತ್ತದೆ. ಚರಂಡಿಯ ಮತ್ತು ಕಾರ್ಖಾನೆಯ ನೀರು ಸೇರುವ ಜಾಗವೂ ಬೇಡ. ಉತ್ತರ ಕನ್ನಡದ ಗಜನಿ ಗದ್ದೆಗಳಂತೆ ಉಪ್ಪುನೀರು ನುಗ್ಗುವ ಜಾಗದ ಕೆಸರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ನಿಜ. ಆದರೆ ಅಲ್ಲಿನ ಸಲ್ಫೇಟಿನಿಂದ ಹುಟ್ಟುವ ಸಲ್ಫೈಡ್ ಬ್ಯಾಕ್ಟೀರಿಯಾಗಳ ನೆರವಿಲ್ಲದೆಯೂ ಆನೋಡಿಗೆ ಎಲೆಕ್ಟ್ರಾನ್ ಕೊಡಬಲ್ಲುದಾದ್ದರಿಂದ ಮೊದಲ ಪ್ರಯೋಗಕ್ಕೆ ಸಿಹಿನೀರಿನ ಕೆಸರನ್ನೇ ಹಿಡಿಯುವುದು ಒಳ್ಳೆಯದು.

ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರಿಗೆ ಇಲಿ ಜ್ವರದ ಅಪಾಯವಿದೆ. ಗಾಯವಿರುವ ಕೈಕಾಲಿನಲ್ಲಿ ಕೆಸರಿಗೆ ಇಳಿಯಬಾರದು. ಕೈಗವಸು ಮತ್ತು ಗಂಬೂಟು ಕಡ್ಡಾಯ.

ಹಂತ 3: ಡಬ್ಬಿ ತುಂಬುವುದು

ಕಲ್ಲು, ಬೇರು, ಬಸವನಹುಳು, ಎರೆಹುಳುಗಳನ್ನು ಆಯ್ದು ತೆಗೆಯಬೇಕು. ಹುಳುಗಳು ಬಿಲ ಕೊರೆದು ಆನೋಡಿನವರೆಗೂ ಗಾಳಿಯನ್ನು ಒಯ್ಯುತ್ತವೆ. ಕೆಸರು ದೋಸೆ ಹಿಟ್ಟಿನ ಹದಕ್ಕೆ ಬರುವವರೆಗೆ ಅದರದ್ದೇ ನೀರು ಸೇರಿಸಿ ಕಲಸಿ, ಇದೇ ಕೆಸರಿನ ಅರ್ಧವನ್ನು ಎರಡನೆಯ ಡಬ್ಬಿಗೆ ತೆಗೆದಿಡಬೇಕು.

ತಳದಲ್ಲಿ 3 ಸೆಂಟಿಮೀಟರ್ ಕೆಸರು ಹಾಕಿ, ಅದರ ಮೇಲೆ ಆನೋಡನ್ನು ಒಂದು ಅಂಚಿನಿಂದ ಆರಂಭಿಸಿ ಅಂಗೈಯಿಂದ ಒತ್ತುತ್ತಾ ಹಾಸಬೇಕು. ಹೀಗೆ ಮಾಡಿದರೆ ಅಡಿಯಲ್ಲಿ ಗಾಳಿಯ ಗುಳ್ಳೆ ಉಳಿಯುವುದಿಲ್ಲ. ಮೇಲೆ ಮತ್ತೆ 5 ಸೆಂಟಿಮೀಟರ್ ಕೆಸರು, ಅದರ ಮೇಲೆ 2ರಿಂದ 3 ಸೆಂಟಿಮೀಟರ್ ನೀರು. ಕೆಸರು ಕದಡದಂತೆ ನೀರನ್ನು ಒಂದು ಚಮಚದ ಬೆನ್ನಿನ ಮೇಲೆ ಸುರಿಯುವುದು ಸುಲಭದ ಉಪಾಯ.

ಕ್ಯಾಥೋಡ್ ನೀರಿನ ಮೇಲ್ಮೈಯಲ್ಲಿ, ಒಂದು ಮುಖ ಒದ್ದೆಯಾಗಿ ಇನ್ನೊಂದು ಮುಖ ಗಾಳಿಗೆ ತೆರೆದಂತೆ ಇರಬೇಕು. ಅದು ಮುಳುಗಿದರೆ ಆಮ್ಲಜನಕ ಸಾಲದೆ ಇಡೀ ಕೋಶ ಸೊರಗುತ್ತದೆ. ಅಂಚಿಗೆ ಥರ್ಮೋಕೋಲಿನ ಚೂರುಗಳನ್ನು ಸಿಕ್ಕಿಸಿದರೆ ತೇಲುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು, ಕೋಶಕ್ಕೆ ಗಾಳಿ ಸೋಕಬಾರದು ಎಂದು ಇಡೀ ಡಬ್ಬಿಗೆ ಬಿಗಿ ಮುಚ್ಚಳ ಹಾಕುವುದು. ಗಾಳಿ ಬೇಡವಾದದ್ದು ಆನೋಡಿಗೆ ಮಾತ್ರ, ಮತ್ತು ಅದನ್ನು ಕೆಸರೇ ತಡೆಯುತ್ತದೆ. ಡಬ್ಬಿಯ ಬಾಯಿಗೆ ಸೊಳ್ಳೆ ಪರದೆ ಕಟ್ಟಿದರೆ ಸಾಕು; ನಿಂತ ನೀರಾದ್ದರಿಂದ ಅದನ್ನು ಕಟ್ಟಲೇಬೇಕು. ಪಾಚಿ ಬೆಳೆಯದಂತೆ ಸುತ್ತ ಕಪ್ಪು ಕಾಗದ ಸುತ್ತಿ, ಬಿಸಿಲು ಬೀಳದ, ಹಗಲು ರಾತ್ರಿ ಹೆಚ್ಚು ವ್ಯತ್ಯಾಸವಿಲ್ಲದ ಜಾಗದಲ್ಲಿ 25ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು.

ಹಂತ 4: ಮಂಡಲವನ್ನು ಮೊದಲ ದಿನವೇ ಪೂರ್ಣಗೊಳಿಸುವುದು

ಬ್ಯಾಕ್ಟೀರಿಯಾಗಳು ಬೆಳೆದ ಮೇಲೆ ತಂತಿ ಜೋಡಿಸೋಣ ಎಂದು ಕಾಯುವವರಿದ್ದಾರೆ. ತಂತಿ ಜೋಡಿಸದಿದ್ದರೆ ಆನೋಡ್ ಎಲೆಕ್ಟ್ರಾನ್ ಸ್ವೀಕರಿಸುವುದಿಲ್ಲ, ಮತ್ತು ಸ್ವೀಕರಿಸದ ಹಾಳೆಯ ಮೇಲೆ ಬೆಳೆಯುವುದರಿಂದ ಜಿಯೋಬ್ಯಾಕ್ಟರ್‌ಗೆ ಯಾವ ಲಾಭವೂ ಇಲ್ಲ. ಡಬ್ಬಿ ತುಂಬಿದ ದಿನವೇ ಆನೋಡ್ ಮತ್ತು ಕ್ಯಾಥೋಡ್ ನಡುವೆ 1,000 ಓಮ್ ರೆಸಿಸ್ಟರ್ ಸೇರಿಸಿ ಹಾಗೆಯೇ ಬಿಡಬೇಕು. ಆರಂಭದಲ್ಲೇ 100 ಓಮ್ ಹಾಕಿದರೆ ವೋಲ್ಟೇಜ್ ಓದಲಾಗದಷ್ಟು ಚಿಕ್ಕದಾಗಿ, ಕೋಶ ಕೆಟ್ಟಿದೆ ಎಂಬ ಭ್ರಮೆ ಹುಟ್ಟುತ್ತದೆ.

ಡಬ್ಬಿಯನ್ನು ಅಲುಗಿಸಬಾರದು. ಎಲೆಕ್ಟ್ರಾನ್ ಸಾಗಣೆಗೆ ಹಾಳೆಯ ಸಂಪರ್ಕ ಬೇಕು. ಆ ಸಂಪರ್ಕವೇ ಇನ್ನೂ ಕಟ್ಟಿಕೊಳ್ಳುತ್ತಿರುವ ದಿನಗಳಿವು. ಪ್ರದರ್ಶನಕ್ಕೆ ಒಯ್ಯಲೇಬೇಕಾದರೆ ಒಂದು ವಾರ ಮೊದಲೇ ಒಯ್ದು ಅಲ್ಲಿಯೇ ಇಡುವುದು ಕ್ಷೇಮ.

ಹಂತ 5: ಅಳೆಯುವುದು, ಉಣಿಸುವುದು

ಮಲ್ಟಿಮೀಟರನ್ನು ಕರೆಂಟ್ ಅಳೆಯುವ ಸ್ಥಾನಕ್ಕೆ ತಿರುಗಿಸಬೇಡಿ. 2 ವೋಲ್ಟ್‌ನ ಸ್ಥಾನದಲ್ಲಿಟ್ಟು, ಕೆಂಪು ಕಡ್ಡಿಯನ್ನು ಕ್ಯಾಥೋಡಿನ ಕಡೆಗೂ ಕಪ್ಪು ಕಡ್ಡಿಯನ್ನು ಆನೋಡಿನ ಕಡೆಗೂ ಹಿಡಿದು, ರೆಸಿಸ್ಟರಿನ ಎರಡು ತುದಿಗಳ ನಡುವೆ ಅಳೆಯಬೇಕು. ವೋಲ್ಟೇಜನ್ನು ಓಮ್‌ನಿಂದ ಭಾಗಿಸಿದರೆ ಕರೆಂಟ್ ಸಿಗುತ್ತದೆ: 1,000 ಓಮ್ ಮೇಲೆ 0.2 ವೋಲ್ಟ್ ಎಂದರೆ 0.2 ಮಿಲಿಆಂಪಿಯರ್. ಉಷ್ಣತೆಯೊಂದಿಗೆ ಅಂಕಿ ಏರಿಳಿಯುವುದರಿಂದ ದಿನವೂ ಒಂದೇ ಹೊತ್ತಿಗೆ ಓದಿ ಬರೆದಿಡಬೇಕು.

ಸರಿಯಾದ ಕೋಶ ಮೊದಲ ಕೆಲವು ದಿನ ಬಹುತೇಕ ಸತ್ತಂತೆ ಇರುತ್ತದೆ. ಆಮೇಲೆ ವೋಲ್ಟೇಜ್ ದಿನದಿಂದ ದಿನಕ್ಕೆ ಏರಿ, ಒಂದರಿಂದ ಮೂರು ವಾರಗಳಲ್ಲಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಈ ನಿಧಾನದ ಏರಿಕೆಯೇ ಜೀವಿಗಳ ಗುರುತು. ಜೋಡಿಸಿದ ಗಳಿಗೆಯಲ್ಲೇ ಎತ್ತರದಲ್ಲಿದ್ದು ನಂತರ ಇಳಿಯುವ ಗೆರೆ ಲೋಹ ಕರಗಿದ್ದರ ಗುರುತು.

ಉಣಿಸುವ ವಿಷಯದಲ್ಲಿ ಅವಸರ ಬೇಡ. ಸಕ್ಕರೆ, ಬೆಲ್ಲ, ಗಂಜಿ ಸುರಿದರೆ ಹುದುಗು ಎದ್ದು, ಆಮ್ಲ ಹೆಚ್ಚಿ, ಗುಳ್ಳೆಗಳು ಆನೋಡನ್ನು ಎತ್ತಿಬಿಡುತ್ತವೆ. ಜಿಯೋಬ್ಯಾಕ್ಟರ್‌ಗೆ ಹಿಡಿಸುವುದು ಅಸಿಟೇಟ್. 4 ಶೇಕಡಾ ಅಸಿಟಿಕ್ ಆಮ್ಲವಿರುವ ಬಿಳಿ ವಿನೆಗರ್ 15 ಮಿಲಿಲೀಟರ್, ಅಡುಗೆ ಸೋಡಾ 1 ಗ್ರಾಂ, ಇವೆರಡನ್ನೂ ನೊರೆ ನಿಲ್ಲುವವರೆಗೆ ಬೆರೆಸಿ 1 ಲೀಟರ್ ನೀರಿಗೆ ಸೇರಿಸಿದರೆ ಲೀಟರಿಗೆ ಸುಮಾರು 10 ಮಿಲಿಮೋಲ್ ಅಸಿಟೇಟ್ ಇರುವ ದ್ರಾವಣ ಸಿದ್ಧವಾಗುತ್ತದೆ.

ಇದು ಎಷ್ಟು ದಿನಕ್ಕೆ ಸಾಕು ಎಂಬುದನ್ನು ಲೆಕ್ಕ ಹಾಕಿದರೆ ಬೆಲ್ಲ ಸುರಿಯುವ ಆಸೆ ತಾನಾಗಿಯೇ ಹೋಗುತ್ತದೆ. ಒಂದು ಅಸಿಟೇಟ್ ಅಣುವಿನಿಂದ 8 ಎಲೆಕ್ಟ್ರಾನ್‌ಗಳು ಸಿಗುತ್ತವೆ. 10 ಮಿಲಿಮೋಲ್ ಅಸಿಟೇಟಿನಲ್ಲಿ ಸುಮಾರು 7,700 ಕೂಲಂಬ್ ವಿದ್ಯುದಂಶ ಅಡಗಿದೆ. 0.2 ಮಿಲಿಆಂಪಿಯರ್ ಕರೆಂಟ್ ಅದನ್ನು ಮುಗಿಸಬೇಕಾದರೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ವಾಸ್ತವದಲ್ಲಿ ಬಹುಪಾಲು ಎಲೆಕ್ಟ್ರಾನ್‌ಗಳು ಮೀಥೇನ್ ಮಾಡುವ ಸೂಕ್ಷ್ಮಜೀವಿಗಳ ಮತ್ತು ಕೆಸರಿನಲ್ಲೇ ಇರುವ ಕಬ್ಬಿಣದ ಪಾಲಾಗುತ್ತವೆ. ಹಾಗಿದ್ದರೂ ವೋಲ್ಟೇಜ್ ಒಂದು ಮಟ್ಟಕ್ಕೆ ನಿಂತ ನಂತರ, ಅದು ಇಳಿಯತೊಡಗಿದಾಗ ಮಾತ್ರ, 50 ಮಿಲಿಲೀಟರ್ ದ್ರಾವಣವನ್ನು ಸೂಜಿ ತೆಗೆದ ಸಿರಿಂಜಿಗೆ ಕೊಳವೆ ಸಿಕ್ಕಿಸಿ ಆನೋಡಿನ ಬಳಿಗೆ ನಿಧಾನವಾಗಿ ಇಳಿಸಿದರೆ ಸಾಕು. ಆವಿಯಾದ ನೀರಿನ ಬದಲಿಗೆ ನಲ್ಲಿ ನೀರು ಹಾಕುವುದಾದರೆ ಕ್ಲೋರಿನ್ ಹೋಗಲು ಅದನ್ನು ಒಂದು ದಿನ ತೆರೆದಿಡಬೇಕು.

ಹಂತ 6: ಬೇಯಿಸಿದ ಕೆಸರಿನ ಡಬ್ಬಿ

ತೆಗೆದಿಟ್ಟ ಅರ್ಧ ಕೆಸರನ್ನು ಪ್ರೆಷರ್ ಕುಕ್ಕರಿನಲ್ಲಿ ಸತತ ಮೂರು ದಿನ, ದಿನಕ್ಕೆ ಅರ್ಧ ಗಂಟೆ ಬೇಯಿಸಬೇಕು. ಮೊದಲ ದಿನ ಉಳಿದುಕೊಂಡ ಬೀಜಕಗಳು ಮಾರನೆಯ ದಿನಕ್ಕೆ ಮೊಳೆತು ಆಗ ಸಾಯುತ್ತವೆ. ಅಡುಗೆಯ ಕುಕ್ಕರನ್ನು ಇದಕ್ಕೆ ಬಳಸಬಾರದು. ಆಮೇಲೆ ಅದೇ ಅಳತೆಯ ಎಲೆಕ್ಟ್ರೋಡ್, ಅದೇ ರೆಸಿಸ್ಟರ್ ಹಾಕಿ ಪಕ್ಕದಲ್ಲೇ ಇಡಬೇಕು.

ಬೇಯಿಸದ ಡಬ್ಬಿಯ ಗೆರೆ ಏರುವಾಗ ಬೇಯಿಸಿದ ಡಬ್ಬಿಯದ್ದು ಕೆಳಗೇ ಉಳಿದರೆ ನಿಮ್ಮ ಮಾತಿಗೆ ಆಧಾರ ಸಿಕ್ಕಿತು. ಎರಡೂ ಒಟ್ಟಿಗೆ ಏರಿದರೆ ತಪ್ಪು ಎಲೆಕ್ಟ್ರೋಡಿನಲ್ಲಿದೆ, ಮತ್ತೆ ಮೊದಲ ಹಂತಕ್ಕೆ ಹೋಗಬೇಕು. ಬೇಯಿಸಿದ ಡಬ್ಬಿಯಲ್ಲೂ ವಾರಗಳ ನಂತರ ನಿಧಾನವಾಗಿ ವೋಲ್ಟೇಜ್ ಹುಟ್ಟುವುದು ಅಸಹಜವಲ್ಲ. ಬಾಯಿ ತೆರೆದ ಪಾತ್ರೆಗೆ ಹೊರಗಿನ ಸೂಕ್ಷ್ಮಜೀವಿಗಳು ಸೇರುತ್ತವೆ.

ಹಂತ 7: ತುಕ್ಕಿನ ಬಾಟಲಿ

ವಿದ್ಯುತ್ ಬಂದದ್ದರಿಂದ ಕಬ್ಬಿಣದ ಉಸಿರಾಟ ಸಾಬೀತಾಗುವುದಿಲ್ಲ. ಅದನ್ನು ಬೇರೆಯಾಗಿ ತೋರಿಸಬೇಕು, ಮತ್ತು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಎದುರಿನಲ್ಲೇ ಇದನ್ನು ಮಾಡಬೇಕು.

10.8 ಗ್ರಾಂ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಕಲಕುತ್ತಾ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಪಿಎಚ್ 7ಕ್ಕೆ ತರಬೇಕು. ಪಿಎಚ್ 7ನ್ನು ದಾಟಲು ಬಿಡಬಾರದು. ಕೊನೆಯ ಹನಿಗಳಲ್ಲಿ ಆತುರಪಟ್ಟವರ ತುಕ್ಕು ಬ್ಯಾಕ್ಟೀರಿಯಾಗಳಿಗೆ ಸುಲಭವಾಗಿ ದಕ್ಕುವುದಿಲ್ಲ. ದೊರೆತ ಕಂದು ಲೋಳೆಯನ್ನು ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ನೀರನ್ನು ಚೆಲ್ಲಿ, ಹೊಸ ನೀರು ಹಾಕಿ, ಹೀಗೆ ಹಲವು ಬಾರಿ ತೊಳೆದು ಮತ್ತೆ 100 ಮಿಲಿಲೀಟರಿಗೆ ತರಬೇಕು. ಇದನ್ನು ಒಣಗಿಸಬಾರದು, ಫ್ರೀಜರಿನಲ್ಲೂ ಇಡಬಾರದು.

250 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಈ ಲೋಳೆ 60 ಮಿಲಿಲೀಟರ್, ಕೆಸರು 25 ಮಿಲಿಲೀಟರ್ ಹಾಕಿ, ಕುದಿಸಿ ಆರಿಸಿದ ನೀರಿನಲ್ಲಿ ಮಾಡಿದ ಅಸಿಟೇಟ್ ದ್ರಾವಣವನ್ನು ಕುತ್ತಿಗೆಯವರೆಗೂ ತುಂಬಿ, ಗಾಳಿ ಉಳಿಯದಂತೆ ಮುಚ್ಚಿ ಕತ್ತಲಲ್ಲಿ ಇಡಬೇಕು. ಒಂದು ಅಸಿಟೇಟ್ ಅಣು 8 ಕಬ್ಬಿಣದ ಅಯಾನುಗಳನ್ನು ಬಳಸುವುದರಿಂದ ಈ ಅಳತೆಯಲ್ಲಿ ಕಬ್ಬಿಣ ಸಾಕಷ್ಟು ಮಿಗುತ್ತದೆ. ಅಸಿಟೇಟ್ ಮಿಗುವಂತೆ ಹಾಕಿದರೆ ಮೀಥೇನ್ ಮಾಡುವವು ತಲೆಯೆತ್ತುತ್ತವೆ. ಗಾಜಿನ ಬಾಟಲಿ ಬೇಡ. ಒಳಗೆ ಅನಿಲ ಹುಟ್ಟುವುದರಿಂದ ಆಗಾಗ ಮುಚ್ಚಳವನ್ನು ಸಡಿಲಿಸಿ ಬಿಗಿಯಬೇಕು.

ಕೆಲವು ವಾರಗಳಲ್ಲಿ ಇಟ್ಟಿಗೆ ಬಣ್ಣ ಮಂಕಾಗಿ ಕಪ್ಪಿಗೆ ತಿರುಗಿದಾಗ ಬಾಟಲಿಯ ಹೊರಗೆ ಬಲವಾದ ಅಯಸ್ಕಾಂತವನ್ನು ಹಿಡಿದು ಮೆಲ್ಲನೆ ಸರಿಸಿ ನೋಡಿ. ಕಪ್ಪು ಪುಡಿ ಗೋಡೆಯ ಒಳಬದಿಯಲ್ಲಿ ಅಯಸ್ಕಾಂತದ ಹಿಂದೆಯೇ ಹರಿದರೆ ಅದು ಮ್ಯಾಗ್ನೆಟೈಟ್, ತುಕ್ಕಿನ ಒಂದು ಪಾಲು ಎಲೆಕ್ಟ್ರಾನ್ ಪಡೆದ ಮೇಲೆ ಉಳಿಯುವ ಖನಿಜ. ಅಯಸ್ಕಾಂತಕ್ಕೆ ಜಗ್ಗದೆ, ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕೊಳೆತ ಮೊಟ್ಟೆಯ ವಾಸನೆ ಬಿಟ್ಟರೆ ಅದು ಕಬ್ಬಿಣದ ಸಲ್ಫೈಡ್. ಈ ಪರೀಕ್ಷೆಯನ್ನು ಬಯಲಿನಲ್ಲೇ ಮಾಡಬೇಕು. ಬಾಟಲಿ ಕಪ್ಪಾಗದಿದ್ದರೂ ಒಂದು ಹನಿ ದ್ರವಕ್ಕೆ ಅದೇ ದುರ್ಬಲ ಆಮ್ಲವನ್ನೂ ಪೊಟ್ಯಾಶಿಯಂ ಫೆರಿಸಯನೈಡನ್ನೂ ಸೇರಿಸಿದಾಗ ಗಾಢ ನೀಲಿ ಬಂದರೆ ಫೆರಸ್ ಕಬ್ಬಿಣ, ಅಂದರೆ ಎಲೆಕ್ಟ್ರಾನ್ ಪಡೆದ ಕಬ್ಬಿಣ, ಹುಟ್ಟಿದೆ ಎಂದು ತಿಳಿಯಬಹುದು. ಬೇಯಿಸಿದ ಕೆಸರು ಹಾಕಿದ ಬಾಟಲಿಯೊಂದು ಇಲ್ಲಿಯೂ ಜೊತೆಗಿರಬೇಕು.

ಎಚ್ಚರಿಕೆಯ ಗುರುತುಗಳು

ಮೀಟರ್ ಋಣ ಚಿಹ್ನೆ ತೋರಿಸಿದರೆ ಮೊದಲು ಕಡ್ಡಿಗಳು ಅದಲುಬದಲಾಗಿವೆಯೇ ನೋಡಬೇಕು. ಇಲ್ಲವಾದರೆ ಕ್ಯಾಥೋಡ್ ಮುಳುಗಿರಬಹುದು, ಅಥವಾ ಅದರ ಕೆಳಗಿನ ನೀರಿನಲ್ಲಿ ಆಮ್ಲಜನಕ ಮುಗಿದಿರಬಹುದು.

ತಂತಿಯ ಬುಡದಲ್ಲಿ ಹಸಿರು ಅಥವಾ ಬಿಳಿ ಪುಡಿ ಕಂಡರೆ ಅಂದಿನವರೆಗಿನ ಅಂಕಿಗಳನ್ನು ನಂಬಬಾರದು. ವೋಲ್ಟೇಜ್ ಹಗಲು ಒಂದು, ರಾತ್ರಿ ಒಂದು ಎಂದು ದೊಡ್ಡದಾಗಿ ತೂಗಾಡಿದರೆ ಪಾಚಿಯನ್ನು ಹುಡುಕಿ. ಕೊಳೆತ ಮೊಟ್ಟೆಯ ವಾಸನೆ ಕೋಣೆಯನ್ನು ತುಂಬಿದರೆ ಡಬ್ಬಿಯನ್ನು ಹೊರಗೆ ಒಯ್ದು, ಉಣಿಸುವುದನ್ನು ನಿಲ್ಲಿಸಬೇಕು.

ಎಲ್‌ಇಡಿ ಏಕೆ ಉರಿಯುವುದಿಲ್ಲ

ಕೆಂಪು ಎಲ್‌ಇಡಿಗೂ ಸುಮಾರು 1.8 ವೋಲ್ಟ್ ಬೇಕು. ಒಂದು ಕೋಶ ಅದರ ಅರ್ಧವನ್ನೂ ಮುಟ್ಟುವುದು ಕಷ್ಟ. ನಾಲ್ಕೈದು ಕೋಶಗಳನ್ನು ಸಾಲಾಗಿ ಜೋಡಿಸಿದರೆ ಅವುಗಳಲ್ಲಿ ದುರ್ಬಲವಾದದ್ದು ಉಳಿದವುಗಳ ಒತ್ತಡಕ್ಕೆ ಸಿಕ್ಕಿ ತಲೆಕೆಳಗಾಗಿ, ಅದರ ಆನೋಡಿನ ಮೇಲಿನ ಬ್ಯಾಕ್ಟೀರಿಯಾಗಳಿಗೆ ಹಾನಿಯಾಗುತ್ತದೆ. ಕಡಿಮೆ ವೋಲ್ಟೇಜಿನಲ್ಲೇ ಕೆಲಸ ಆರಂಭಿಸುವ ಬೂಸ್ಟ್ ಕನ್ವರ್ಟರ್ (ವೋಲ್ಟೇಜ್ ಏರಿಸುವ ಸಾಧನ) ಮತ್ತು ಕೆಪಾಸಿಟರ್ ಬಳಸಿ, ಸಂಗ್ರಹವಾದ ವಿದ್ಯುತ್ತಿನಿಂದ ಎಲ್‌ಇಡಿ ಆಗಾಗ ಮಿನುಗುವಂತೆ ಮಾಡುವುದು ಸರಿಯಾದ ದಾರಿ. ಅದಕ್ಕಿಂತ, 10,000ದಿಂದ 100 ಓಮ್‌ವರೆಗೆ ರೆಸಿಸ್ಟರ್‌ಗಳನ್ನು ಒಂದೊಂದಾಗಿ ಬದಲಿಸಿ, ಪ್ರತಿಯೊಂದರಲ್ಲೂ ಅಂಕಿ ನಿಲ್ಲುವವರೆಗೆ ಕಾದು, ಯಾವ ಓಮ್‌ನಲ್ಲಿ ಕೋಶ ಹೆಚ್ಚು ಶಕ್ತಿ ಕೊಡುತ್ತದೆ ಎಂಬ ನಕ್ಷೆಯನ್ನು ಬರೆದು ತೋರಿಸುವುದು ಮೇಳದ ತೀರ್ಪುಗಾರರ ಮುಂದೆ ಹೆಚ್ಚು ಬೆಲೆಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಮುಂದಿನ ಕೋಶಕ್ಕೆ ಹೆಪ್ಪು

ಚೆನ್ನಾಗಿ ನಡೆದ ಕೋಶದ ಆನೋಡನ್ನು ತೊಳೆದು ಬಿಸಾಡಬೇಡಿ. ಅದರಿಂದ ಬೆರಳಗಲದ ಒಂದು ಪಟ್ಟಿಯನ್ನು ಕತ್ತರಿಸಿ, ಒಣಗುವ ಮುನ್ನವೇ ಹೊಸ ಕೋಶದ ಆನೋಡಿಗೆ ಒತ್ತಿ ಹಾಸಿದರೆ ಬ್ಯಾಕ್ಟೀರಿಯಾಗಳು ಹೊಸದಾಗಿ ಹುಡುಕಿ ಬರುವ ಕೆಲಸ ಉಳಿಯುತ್ತದೆ, ಕಾಯುವ ದಿನಗಳು ಕಡಿಮೆಯಾಗುತ್ತವೆ. ಹಳೆಯ ಕೋಶವನ್ನು ಬಿಚ್ಚುವ ದಿನವೇ ಹೊಸದನ್ನು ತುಂಬುವಂತೆ ನೋಡಿಕೊಳ್ಳಬೇಕು. ಗಾಳಿಯಲ್ಲಿ ತೆರೆದಿಟ್ಟ ಪಟ್ಟಿ ಒಣಗಿದ ಮೇಲೆ ಈ ಕೆಲಸಕ್ಕೆ ಬರುವುದಿಲ್ಲ.